ಮಂಜಿಗೆ ಕಟ್ಟಿದ ಹಗ್ಗ

ಬನಿಹಾಲ್, ಕಾಶ್ಮೀರ
೧೪ ಡಿಸೆಂಬರ್ ೧೯೫೮

ಚನಿಯಪ್ಪಣ್ಣನಿಗೆ ಶೀನಪ್ಪನ ನಮಸ್ಕಾರಗಳು.

ಬಂದು ಮುಟ್ಟಿದ್ದೇನೆ. ರೈಲು, ಬಸ್ಸು, ಲಾರಿ ಎಲ್ಲ ಹತ್ತಿ ಇಳಿದು ಈಗ ಒಂದು ಗುಡ್ಡದ ಬುಡದ ತಗಡಿನ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಮ್ಮ ಇಂಜಿನಿಯರ್ ದಣಿಗಳು ಸಂಪಾಜೆ ಘಾಟಿಯ ರಸ್ತೆ ಕೆಲಸದಲ್ಲಿ ಹೇಗಿದ್ದರೋ ಇಲ್ಲಿಯೂ ಹಾಗೆಯೇ. ಬೆಳಕು ಹರಿಯುವಾಗ ಜೀಪು ಬಾಗಿಲಿಗೆ ಬಂದಿರಬೇಕು. "ಘಾಟಿಯಲ್ಲಿ ಓಡಿಸಿದವನು ಎಲ್ಲಿಯೂ ಓಡಿಸ್ತಾನೆ" ಎಂದು ಹೇಳಿ ನನ್ನನ್ನು ಕರೆತಂದವರು ಅವರು. ಓಡಿಸಲು ಕಲಿಸಿದವರು ನೀವು. ಹೆಸರು ಹೋದರೆ ನಿಮ್ಮಿಬ್ಬರದೂ ಹೋಗುತ್ತದೆ ಎಂದು ಜಾಗ್ರತೆಯಿಂದ ಇದ್ದೇನೆ.

ಇಲ್ಲಿ ರಸ್ತೆಯ ಮೇಲೆ ಮಂಜು ಬಿದ್ದಿದೆ. ಚಳಿಗಾಲಕ್ಕೆ ಇವರು ಟಯರು ಬದಲಾಯಿಸುತ್ತಾರೆ. ಅದರಲ್ಲಿಯೂ ಒಬ್ಬೊಬ್ಬನದು ಒಂದೊಂದು ಶಾಸ್ತ್ರ. ಲಾರಿಯ ಗುರುಬಕ್ಷ್ ಸಿಂಗ್ ವರ್ಷವಿಡೀ ಒಂದೇ ಟಯರು ಸಾಕು, ಗಾಳಿ ಸ್ವಲ್ಪ ಇಳಿಸಿದರೆ ಆಯಿತು ಎನ್ನುತ್ತಾನೆ. ಇಲ್ಲಿಯ ಊರಿನವನೇ ಆದ ರಸೂಲ್ ಹಿಂದಿನ ಎರಡು ಚಕ್ರಕ್ಕೆ ದಪ್ಪ ಹಲ್ಲಿನದು ಹಾಕಿ, ಮುಂದಕ್ಕೆ ಗೆರೆ ಟಯರು ಇಡುತ್ತಾನೆ. ಮತ್ತೊಬ್ಬ ಯಾವುದನ್ನೂ ಮುಟ್ಟದೆ ಹಿಂದೆ ಮರಳಿನ ಚೀಲ ಹೇರುತ್ತಾನೆ. ಚಹಾ ಕುಡಿಯುವಾಗೆಲ್ಲ ಇದೇ ಜಗಳ. ನನಗೆ ಅವರ ಮಾತು ಅರ್ಧ ತಿಳಿಯುತ್ತದೆ. ಯಾವುದು ಸರಿ ಎಂದು ನೀವು ಬರೆಯಿರಿ.

ಕನ್ನಡ ಬರುವವರು ದಣಿಗಳು ಒಬ್ಬರೇ. ಅವರ ಹತ್ತಿರ ನನ್ನ ಕನ್ನಡ "ಹೌದು", "ಆಗಬಹುದು" ಎರಡೇ. ತುಳುವಂತೂ ಬಾಯಿಗೆ ಬಾರದೆ ತಿಂಗಳಾಯಿತು. ಮೊನ್ನೆ ಸ್ಟಾರ್ಟ್ ಆಗದ ಜೀಪಿಗೆ ತುಳುವಿನಲ್ಲಿ ಬೈದೆ. ಮನಸ್ಸಿಗೆ ಬಹಳ ಹಿತವಾಯಿತು. ಮನೆಯಲ್ಲಿ ತಿಮ್ಮಕ್ಕನನ್ನು ಕೇಳಿದ್ದೇನೆಂದು ಹೇಳಿ.

ನಿಮ್ಮ ಶೀನಪ್ಪ


ಸುಳ್ಯ
೬ ಜನವರಿ ೧೯೫೯

ಶೀನ,

ಕಾಗದ ಬಂದ ದಿನ ತಿಮ್ಮಕ್ಕ ಒಲೆಯ ಮೇಲಿನ ಗಂಜಿ ಇಳಿಸಿ ಬಂದು ಕುಳಿತಳು. ಎರಡು ಸಲ ಓದಿಸಿದಳು. ಆಮೇಲೆ, "ಅಲ್ಲ, ಮಂಜು ಬಿದ್ರೆ ಟಯರು ಎಂತಕ್ಕೆ ಬದಲಾಯಿಸುದು?" ಎಂದಳು. ನನಗೂ ಅದೇ ಸಂಶಯ. ಮರುದಿನ ಬಾಡಿಗೆಗೆ ಪುತ್ತೂರಿಗೆ ಹೋದವನು ಕಾರು ಸ್ಟ್ಯಾಂಡಿನಲ್ಲಿ ಓದಿ ಹೇಳಿದೆ. ತ್ಯಾಂಪಣ್ಣ ನಗುತ್ತಾ ಬೀಡಿ ನುಂಗುವುದೊಂದು ಬಾಕಿ. "ಮಡಿಕೇರಿಯಲ್ಲಿ ಮಂಜಿಗೆ ಎದುರಿನ ಬಸ್ಸೇ ಕಾಣುದಿಲ್ಲ ಮಾರಾಯ್ರೆ. ನಾವು ಯಾವತ್ತಾದ್ರೂ ಚಕ್ರ ಕಳಚಿದ್ದುಂಟಾ?"

ಕೇಳು ಮಗನೇ. ಮಂಜಿಗೆ ಬೇಕಾದ್ದು ಟಯರು ಅಲ್ಲ, ಕಣ್ಣು. ಹೆಡ್‌ಲೈಟಿಗೆ ಹಳದಿ ಕಾಗದ ಅಂಟಿಸು. ತಿರುವಿಗೆ ಮೊದಲೇ ಹಾರ್ನ್ ಹಾಕು. ನಮ್ಮಲ್ಲಿ ಮಳೆಗಾಲಕ್ಕೆ ಹಲ್ಲಿರುವ ಟಯರು, ಮಳೆ ನಿಂತ ಮೇಲೆ ಸವೆದದ್ದು. ಚಳಿಗಾಲ ಎಂದರೆ ಟಯರಿಗೆ ರಜೆ. ಅಂಥ ಒಳ್ಳೆಯ ಕಾಲಕ್ಕೆ ಹೊಸ ಟಯರು ಹಾಕುವವರ ನಡುವೆ ನೀನು ಸಿಕ್ಕಿಬಿದ್ದದ್ದು ನಿನ್ನ ಗ್ರಹಚಾರ. ಸರ್ದಾರನ ಮಾತು ಹಿಡಿ, ಅವನೊಬ್ಬ ಬುದ್ಧಿವಂತನ ಹಾಗೆ ಕಾಣುತ್ತಾನೆ.

ನೀನು ಹೋದ ಮೇಲೆ ಮುಂದಿನ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಬಾಡಿಗೆಯವರು ಹಿಂದೆ ಕೂತು ಅಡಿಕೆ ಧಾರಣೆ ಮಾತಾಡುತ್ತಾರೆ, ನಾನು ಮುಂದೆ ನೋಡಿಕೊಂಡು ಬಿಡುತ್ತೇನೆ. "ಹತ್ತೂರು ಕೊಟ್ಟರೂ ಪುತ್ತೂರು ಬಿಡೆ" ಎಂದು ಹೇಳಿಕೊಂಡು ತಿರುಗುತ್ತಿದ್ದವನು ನೀನು. ಹನ್ನೊಂದನೇ ಊರು ಸಿಕ್ಕಿದ ಕೂಡಲೇ ಹೊರಟೆಯಲ್ಲ.

ಚನಿಯಪ್ಪ


ಬನಿಹಾಲ್
೨ ಮಾರ್ಚ್ ೧೯೫೯

ಚನಿಯಪ್ಪಣ್ಣನಿಗೆ,

ನಾನು ಬರೆದದ್ದು ಸರಿಯಾಗಲಿಲ್ಲ. ಇದು ನಮ್ಮ ಮಂಜು ಅಲ್ಲ. ಆ ಮಂಜು ಬಿಸಿಲು ಬಂದರೆ ಹೋಗುತ್ತದೆ. ಇದು ಬೀಳುತ್ತದೆ, ಬಿದ್ದಲ್ಲಿ ಕೂರುತ್ತದೆ, ಎದ್ದು ಹೋಗುವುದೇ ಇಲ್ಲ. ತೆಂಗಿನಕಾಯಿ ತುರಿದು ರಸ್ತೆಯುದ್ದಕ್ಕೂ ಮಂಡಿವರೆಗೆ ಸುರಿದ ಹಾಗೆ. ಎರಡಕ್ಕೂ ನಮ್ಮಲ್ಲಿ ಒಂದೇ ಹೆಸರು ಇಟ್ಟವರು ಯಾರೋ, ಅವರನ್ನು ಇಲ್ಲಿಗೆ ಕರೆತಂದು ಒಂದು ವಾರ ಜೀಪು ಬಿಡಿಸಬೇಕು.

ಬಿದ್ದ ದಿನ ಕಷ್ಟವಿಲ್ಲ, ಹಲ್ಲಿನ ಟಯರು ಕಚ್ಚಿಕೊಂಡು ಹೋಗುತ್ತದೆ. ಮರುದಿನ ಅದು ಗಟ್ಟಿಯಾಗಿ ಗಾಜಾಗುತ್ತದೆ. ಚಳಿಗೆ ರಬ್ಬರು ಸಹ ಕಲ್ಲಿನ ಹಾಗೆ ಬಿರುಸು. ಬ್ರೇಕ್ ತುಳಿದರೆ ಚಕ್ರ ನಿಲ್ಲುತ್ತದೆ, ಜೀಪು ನಿಲ್ಲುವುದಿಲ್ಲ. ಆಗ ಚಕ್ರಕ್ಕೆ ಕಬ್ಬಿಣದ ಸರಪಳಿ ಕಟ್ಟಬೇಕು. ಸರಪಳಿ ಕಟ್ಟುವಾಗ ಬೆರಳು ಇದೆಯೋ ಬಿದ್ದಿದೆಯೋ ಗೊತ್ತಾಗುವುದಿಲ್ಲ. ರಸೂಲ್ ತನ್ನ ಕೈಯ ನಡುವೆ ನನ್ನ ಕೈ ಇಟ್ಟು ಉಜ್ಜಿ ಕೊಡುತ್ತಾನೆ. ಭಾಷೆ ಬೇಕಾಗುವುದಿಲ್ಲ.

ಹಳದಿ ಕಾಗದ ಅಂಟಿಸಿದ್ದೇನೆ. ನೀವು ಹೇಳಿದ್ದಲ್ಲವಾ.

ಶೀನಪ್ಪ


ಸುಳ್ಯ
೧೮ ಸೆಪ್ಟೆಂಬರ್ ೧೯೫೯

ಶೀನ,

ಉತ್ತರ ತಡವಾಯಿತು. ಈ ವರ್ಷದ ಮಳೆಗೆ ಅಂಚೆಯವನೂ ಬಾರದೆ ಹೋದ ದಿನಗಳುಂಟು. ಆದರೆ ನಿನ್ನ ಸಂಗತಿ ತಲೆಯಲ್ಲಿಯೇ ಇತ್ತು. ಮಂಜು ಎಂದರೆ ಎಂತದು ಎಂದು ಈಗ ಅರ್ಥವಾಯಿತು. ಜಾರುವುದೇ ತಾನೇ ಅದರ ಕೆಲಸ? ಜಾರುವುದಕ್ಕೆ ನಮಗಿಂತ ಹೆಚ್ಚು ಯಾರು ಕಂಡಿದ್ದಾರೆ?

ಆಟಿ ತಿಂಗಳಿನ ಜಡಿಮಳೆಯಲ್ಲಿ ಒಂದು ಹೆರಿಗೆಯ ಹೆಂಗಸನ್ನು ಸಂಪಾಜೆಯಿಂದ ಪುತ್ತೂರಿನ ಆಸ್ಪತ್ರೆಗೆ ತರಬೇಕಾಯಿತು. ಘಾಟಿಯ ಬುಡದಲ್ಲಿ ಗುಡ್ಡ ಜರಿದು ರಸ್ತೆಯೆಲ್ಲ ಕೆಂಪು ಜೇಡಿ. ಮೂರು ಬಸ್ಸು ನಿಂತಿದ್ದವು. ನಾನು ಹಿಂದಿನ ಎರಡು ಚಕ್ರಕ್ಕೆ ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿ, ಕೊನೆಯನ್ನು ಚಕ್ರದ ತಟ್ಟೆಯ ಕಂಡಿಯಲ್ಲಿ ತೂರಿಸಿ ಬಿಗಿದು, ಅವರೆಲ್ಲ ನೋಡುತ್ತಿದ್ದ ಹಾಗೆ ದಾಟಿಸಿಕೊಂಡು ಬಂದೆ. ಹೆಣ್ಣು ಮಗು. ತಾಯಿ ಕ್ಷೇಮ. ಆ ಹೆಂಗಸಿನ ಅಪ್ಪ ನನ್ನ ಕಾಲು ಹಿಡಿಯಲು ಬಂದ, ನಾನು ಹಗ್ಗದ ಕಾಲು ಹಿಡಿ ಎಂದೆ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಿತ್ತಲ ನಾರೂ ಹಾಗೇ. ಕಬ್ಬಿಣದ ಸರಪಳಿಗೆ ನೀನು ಬೆರಳು ಕಳಕೊಳ್ಳಬೇಡ. ನಾನೇ ಕೂತು ಹೊಸೆದ ಹಗ್ಗ ಪಾರ್ಸೆಲ್ ಮಾಡಿದ್ದೇನೆ, ಗೇರೆಣ್ಣೆ ಹಾಕಿ ಒಣಗಿಸಿದ್ದು. ತಿಮ್ಮಕ್ಕ ಅದರ ನಡುವೆ ಉಪ್ಪಿನಕಾಯಿ ಭರಣಿ ಇಟ್ಟಿದ್ದಾಳೆ, ಒಡೆಯದೆ ಬಂದರೆ ನಿನ್ನ ಪುಣ್ಯ. ಹಗ್ಗ ಕಟ್ಟಿ ನೋಡಿ ಬರೆ. ಕಟ್ಟದೆ ಇದ್ದರೆ ನನ್ನ ಮೇಲೆ ಆಣೆ.

ಚನಿಯಪ್ಪ


ಜಮ್ಮು, ಆಸ್ಪತ್ರೆ
೯ ಫೆಬ್ರವರಿ ೧೯೬೦

ಚನಿಯಪ್ಪಣ್ಣ,

ಹಗ್ಗ ಡಿಸೆಂಬರಿನಲ್ಲಿ ಬಂತು. ಜೀಪಿನ ಒಂದು ಸರಪಳಿ ತುಂಡಾಗಿತ್ತು, ಹೊಸತು ಬರಬೇಕಿತ್ತು. ರಸೂಲ್ ಬೇಡವೆಂದು ತಲೆ ಅಲ್ಲಾಡಿಸಿದ. ಅವನಿಗೆ ಎಂತ ಗೊತ್ತು, ಇದು ನನ್ನ ಗುರುಗಳು ಕಳಿಸಿದ್ದು ಎಂದು ನಾನು ತುಳುವಿನಲ್ಲಿಯೇ ಹೇಳಿ ಸುತ್ತಿದೆ. ಮೊದಲ ದಿನ ಮಂಜು ಕರಗಿ ಕೆಸರಾಗಿತ್ತು. ಹಗ್ಗ ಹಿಡಿದ ಹಿಡಿತಕ್ಕೆ ಸರ್ದಾರನೂ ಬಂದು ಮುಟ್ಟಿ ನೋಡಿದ. ನನಗೆ ನಿಮ್ಮನ್ನು ನೆನೆದು ಅಳು ಬಂತು.

ಹಗ್ಗ ನೀರು ಕುಡಿದಿತ್ತು. ಬಿಚ್ಚದೆ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಅದು ನಾರಾಗಿ ಉಳಿದಿರಲಿಲ್ಲ, ಸಂದು ಸಂದಿನಲ್ಲಿ ನೀರು ಹೆಪ್ಪುಗಟ್ಟಿ ಚಕ್ರಕ್ಕೆ ಚಕ್ರವೇ ಒಂದು ಮಂಜಿನ ಉಂಡೆಯಾಗಿತ್ತು. ನಾನು ನೋಡಲಿಲ್ಲ. ನಿನ್ನೆ ಹಿಡಿದದ್ದು ಇವತ್ತು ಹಿಡಿಯದೆ ಇರುತ್ತದಾ ಎಂದು ಹೊರಟೆ. ಎರಡನೇ ತಿರುವಿನಲ್ಲಿ ಜೀಪು ಅಡ್ಡ ತಿರುಗಿ ಇಳಿಜಾರಿಗೆ ಹೋಯಿತು. ನನ್ನ ಎಡಗಾಲು ಅದರಡಿಯಲ್ಲಿ. ಲಾರಿ ಬರುವವರೆಗೆ ಹಾಗೆಯೇ ಇದ್ದೆ. ಮೊದಲು ಕೂಗಿದೆ, ಆಮೇಲೆ ಯಾವ ಭಾಷೆಯಲ್ಲಿ ಕೂಗಬೇಕೆಂದು ಗೊತ್ತಾಗದೆ ಸುಮ್ಮನಾದೆ. ಪಾದದ ಗಂಟಿನ ಮೇಲಕ್ಕೆ ಕತ್ತರಿಸಿ ತೆಗೆದಿದ್ದಾರೆ.

ಹಗ್ಗದ ತಪ್ಪಲ್ಲ, ಅದು ಕೆಸರಿನ ಹಗ್ಗ. ನಿಮ್ಮ ತಪ್ಪಂತೂ ಅಲ್ಲ.

ಇಷ್ಟು ಬರೆದು ಓದಿ ನೋಡಿದೆ. ನಿಮ್ಮ ತಪ್ಪಲ್ಲ ಎಂದು ಬರೆದ ಸಾಲನ್ನೇ ನೀವು ಹಿಡಿದುಕೊಂಡು ಕೂರುತ್ತೀರಿ. ಮತ್ತೆ ಸ್ಟೇರಿಂಗ್ ಮುಟ್ಟುವುದಿಲ್ಲ. ಈ ಕಾಗದ ನಿಮಗೆ ಬರುವುದು ಬೇಡ. ಬೇರೊಂದು ಬರೆಯುತ್ತೇನೆ.


ಜಮ್ಮು
೯ ಫೆಬ್ರವರಿ ೧೯೬೦

ಚನಿಯಪ್ಪಣ್ಣನಿಗೆ ನಮಸ್ಕಾರ.

ಕಂಪೆನಿಯ ಕೆಲಸದ ಮೇಲೆ ಜಮ್ಮುವಿಗೆ ಬಂದಿದ್ದೇನೆ, ಸ್ವಲ್ಪ ಸಮಯ ಇಲ್ಲಿಯೇ. ಹಗ್ಗ ಬಂತು. ಕಟ್ಟಿದ ದಿನ ಬಹಳ ಚೆನ್ನಾಗಿ ಹಿಡಿಯಿತು. ಸರ್ದಾರ ಬಂದು ಮುಟ್ಟಿ ನೋಡಿದ. ಉಪ್ಪಿನಕಾಯಿ ಒಡೆಯದೆ ಬಂದಿದೆ, ದಿನಾ ಒಂದು ಚೂರು ಮಾತ್ರ ತಿನ್ನುತ್ತಿದ್ದೇನೆ.

ಬೇರೆ ವಿಶೇಷವಿಲ್ಲ.

ಶೀನಪ್ಪ


ಸುಳ್ಯ
೧೧ ಮೇ ೧೯೬೦

ಶೀನ!

ಸರ್ದಾರ ಮುಟ್ಟಿ ನೋಡಿದ ಸುದ್ದಿ ಸುಳ್ಯದಿಂದ ಪುತ್ತೂರಿನವರೆಗೆ ನನಗಿಂತ ಮೊದಲು ತಲುಪಿದೆ. ತ್ಯಾಂಪಣ್ಣ ಬಾಯಿ ಮುಚ್ಚಿದ್ದಾನೆ, ಇದು ಪುತ್ತೂರಿನ ಚರಿತ್ರೆಯಲ್ಲಿಯೇ ಮೊದಲು. ಬಸ್ಸಿನ ಡ್ರೈವರುಗಳು ಸಹ ಬಂದು ಹಗ್ಗ ಹೊಸೆಯುವ ಕ್ರಮ ಕೇಳುತ್ತಾರೆ. ಕಾಶ್ಮೀರದ ಮಂಜಿನಲ್ಲಿಯೇ ಹಿಡಿದದ್ದು, ಇಲ್ಲಿ ಎಂತ ಸಂಗತಿ ಎಂದು ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತೇನೆ. ತಿಮ್ಮಕ್ಕ, "ನಿಮ್ಮ ಜಂಬಕ್ಕೆ ಕಾರಿನ ಮಾಡು ಸಾಕಾಗ್ಲಿಕ್ಕಿಲ್ಲ" ಎನ್ನುತ್ತಾಳೆ. ಹೇಳಲಿ. ನಲವತ್ತು ದಾಟಿದ ಮೇಲೆ ಜಂಬ ಪಡಲು ಒಂದು ಸಿಕ್ಕಿದೆ.

ಈಗ ಮುಖ್ಯ ವಿಷಯ. ನಮ್ಮ ಕಾರಿನ ದಣಿಗಳು ಇನ್ನೊಂದು ಲ್ಯಾಂಡ್‌ಮಾಸ್ಟರ್ ತೆಗೆಯುತ್ತಾರೆ, ಪುತ್ತೂರು–ಕಡಬ ಕಡೆಯ ಬಾಡಿಗೆಗೆ. ಡ್ರೈವರ್ ಯಾರು ಎಂದು ಕೇಳಿದರು. ನಾನು ನಿನ್ನ ಹೆಸರು ಹೇಳಿದೆ, ಅವರು ಒಪ್ಪಿದರು. ಆಲಂಕಾರಿಗೆ ಹೋಗಿ ನಿನ್ನ ಅಕ್ಕ ಸೀತುವಿಗೂ ಹೇಳಿ ಬಂದೆ. ಅವಳ ಮಗ ಬೋಜ ಈಗ ನನ್ನ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದಾನೆ, ಗೇರು ಹಾಕುವುದು ಥೇಟ್ ನಿನ್ನ ಹಾಗೆ, ಕತ್ತು ಒಂದು ಕಡೆ ವಾಲಿಸಿಕೊಂಡು. ಮಳೆಗೆ ಮೊದಲು ಬಂದುಬಿಡು. ಚಳಿ ಸಾಕು.

ಚನಿಯಪ್ಪ


ಬನಿಹಾಲ್
೨೦ ನವೆಂಬರ್ ೧೯೬೦

ಚನಿಯಪ್ಪಣ್ಣನಿಗೆ,

ಬರಲು ಆಗಲಿಲ್ಲ. ನನಗೆ ಇಲ್ಲಿ ಟಯರಿನ ಉಗ್ರಾಣದ ಜವಾಬ್ದಾರಿ ಕೊಟ್ಟಿದ್ದಾರೆ. ಅದು ಬಡ್ತಿಯೇ. ಬಿಟ್ಟು ಬರುವ ಹಾಗಿಲ್ಲ. ಆ ಕಾರನ್ನು ಬೇರೆಯವರಿಗೆ ಕೊಡಿಸಿ.

ಚಳಿಗಾಲ ಹತ್ತಿರ ಬರುವಾಗ ಎಲ್ಲ ಡ್ರೈವರುಗಳೂ ನನ್ನ ಬಾಗಿಲಿಗೆ ಬರುತ್ತಾರೆ. ಟಯರು ಆರಿಸುವುದನ್ನು ನೋಡಿದರೆ ಆಳು ಎಂಥವನೆಂದು ತಿಳಿಯುತ್ತದೆ. ಹೆದರಿಕೆಯವನು ಹಲ್ಲು ದೊಡ್ಡದಿರುವುದನ್ನೇ ಎಳೆಯುತ್ತಾನೆ, ಅದು ಒಣ ರಸ್ತೆಯಲ್ಲಿ ಕುಣಿಯುತ್ತದೆ ಎಂದರೂ ಕೇಳುವುದಿಲ್ಲ. ಸೋಮಾರಿಗೆ ವರ್ಷವಿಡೀ ನಡೆಯುವುದು ಬೇಕು. ರಸೂಲ್ ಟಯರನ್ನು ಮೂಸುತ್ತಾನೆ, ಉಗುರು ಊರಿ ನೋಡುತ್ತಾನೆ. ಉಗುರು ಇಳಿದರೆ ಚಳಿಯಲ್ಲಿಯೂ ರಬ್ಬರು ಮೆತ್ತಗಿರುತ್ತದಂತೆ. ಆರಿಸಿ ಆದ ಮೇಲೆ ಎಲ್ಲರೂ ಹೊರಡುತ್ತಾರೆ. ನಾನು ಬಾಗಿಲು ಹಾಕಿ ಕೆಂಡದ ಒಲೆಯ ಹತ್ತಿರ ಕೂರುತ್ತೇನೆ. ರಬ್ಬರಿನ ವಾಸನೆಯಲ್ಲಿ ಕಣ್ಣು ಮುಚ್ಚಿದರೆ ನಿಮ್ಮ ಕಾರಿನ ಡಿಕ್ಕಿಯ ಹತ್ತಿರ ನಿಂತ ಹಾಗಾಗುತ್ತದೆ.

ತಿಮ್ಮಕ್ಕನಿಗೆ ನಮಸ್ಕಾರ ಹೇಳಿ. ಬೋಜನಿಗೆ ಕತ್ತು ನೆಟ್ಟಗೆ ಇಡಲು ಕಲಿಸಿ.

ಶೀನಪ್ಪ


ಸುಳ್ಯ
೩ ಡಿಸೆಂಬರ್ ೧೯೬೧

ಶೀನಪ್ಪನಿಗೆ,

ತಿಮ್ಮಕ್ಕ ಹೋಗಿ ಎಂಟು ತಿಂಗಳಾಯಿತು. ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ. ನಾನೇ ಪುತ್ತೂರಿಗೆ ಕರೆದುಕೊಂಡು ಹೋದೆ, ನಾನು ಬಿಡುವ ಕಾರಿನಲ್ಲಿಯೇ. ಹಿಂದಿನ ಸೀಟಿನಲ್ಲಿ ಮಲಗಿ, "ಮೆಲ್ಲ ಹೋಗಿ, ಎಂತ ಅರ್ಜೆಂಟು" ಎಂದಳು. ಅದೇ ಕೊನೆಯ ಮಾತು.

ನಿನಗೆ ಆಗಲೇ ಬರೆಯಲಿಲ್ಲ. ಬರೆದ ಮೇಲೂ ನೀನು ಬಾರದೆ ಇದ್ದರೆ? ಅದನ್ನು ತಡಕೊಳ್ಳುವುದು ಇದಕ್ಕಿಂತ ಕಷ್ಟ ಎಂದು ಬರೆಯಲಿಲ್ಲ.

ಕಡಬದ ಕಾರು ಬೇರೆಯವನಿಗೆ ಹೋಯಿತು. ನೀನು ಅಲ್ಲಿ ಹೆಂಗಸನ್ನು ಇಟ್ಟುಕೊಂಡಿದ್ದೀ ಎಂದು ಸ್ಟ್ಯಾಂಡಿನಲ್ಲಿ ಹೇಳುತ್ತಾರೆ. ಇದ್ದರೆ ಇರಲಿ, ಕರೆದುಕೊಂಡು ಬಾ, ನಾನು ಯಾರು ಕೇಳಲು? ಬಡ್ತಿ ಸಿಕ್ಕಿ ದೊಡ್ಡ ಮನುಷ್ಯನಾದವನಿಗೆ ಬಾಡಿಗೆ ಕಾರು ಸಣ್ಣದಾಗಿ ಕಂಡರೆ ಅದನ್ನಾದರೂ ಬರೆ. ನನಗೆ ಸಿಟ್ಟು ಬಂದಿದೆ, ಸಿಟ್ಟು ತೋರಿಸಲು ಮನೆಯಲ್ಲಿ ಯಾರೂ ಇಲ್ಲ, ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ಚನಿಯಪ್ಪ


ಬನಿಹಾಲ್
೪ ಜನವರಿ ೧೯೬೨

ಚನಿಯಪ್ಪಣ್ಣ,

ತಿಮ್ಮಕ್ಕನ ಸುದ್ದಿ ಓದಿ ಉಗ್ರಾಣದ ಬಾಗಿಲು ಹಾಕಿಕೊಂಡೆ. ಹೊರಗೆ ಡ್ರೈವರುಗಳು ಬಡಿದರು, ತೆರೆಯಲಿಲ್ಲ. ಅವಳು ನನಗೆ ಬಡಿಸಿದ ಅನ್ನಕ್ಕೆ ಲೆಕ್ಕವಿಲ್ಲ.

ಇಲ್ಲಿ ಯಾವ ಹೆಂಗಸೂ ಇಲ್ಲ. ದೊಡ್ಡ ಮನುಷ್ಯನೂ ಆಗಿಲ್ಲ. ಬರಲು ಮನಸ್ಸಿಲ್ಲ ಎಂದು ಮಾತ್ರ ತಿಳಿಯಬೇಡಿ. ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುವುದಿಲ್ಲ. ಬೈಯಿರಿ. ಬೈಯುವುದಕ್ಕಾದರೂ ಬರೆಯಿರಿ.

ಶೀನಪ್ಪ


ಸುಳ್ಯ
೧೫ ಅಕ್ಟೋಬರ್ ೧೯೬೩

ಶೀನಪ್ಪನವರಿಗೆ,

ಬಹಳ ಸಮಯದ ಮೇಲೆ ಬರೆಯುತ್ತಿದ್ದೇನೆ. ಒಂದು ವಿಷಯ ತಿಳಿಸಲಿಕ್ಕುಂಟು, ಅಷ್ಟೇ.

ನಿಮ್ಮ ಅಳಿಯ ಬೋಜನಿಗೆ ಸಿಮ್ಲಾದಲ್ಲಿ ಕೆಲಸ ಸಿಕ್ಕಿದೆ. ಮಂಗಳೂರಿನವರೊಬ್ಬರು ಅಲ್ಲಿ ಹೋಟೆಲು ಇಟ್ಟಿದ್ದಾರೆ, ಪ್ರವಾಸಿಗಳ ಕಾರು ಬಿಡಲು ಜನ ಬೇಕಂತೆ. ಮಾವನ ಹತ್ತಿರವೇ ಹೋಗಬಹುದಿತ್ತು, ಆದರೆ ನೀವು ಅವನ ಎರಡು ಕಾಗದಕ್ಕೂ ಇಲ್ಲಿ ಜಾಗವಿಲ್ಲ ಎಂದು ಬರೆದಿರಂತೆ. ತುಳುವರಲ್ಲಿ ಅಳಿಯ ಎಂದರೆ ಮಗನಿಗಿಂತ ಹೆಚ್ಚು ಎಂದು ಕೇಳಿದ್ದೆ. ಇರಲಿ.

ಅಲ್ಲಿಯೂ ನಿಮ್ಮಲ್ಲಿಯ ಹಾಗೆ ಮಂಜು ಬೀಳುತ್ತದಂತೆ. ಚಳಿಗಾಲಕ್ಕೆ ಯಾವ ಟಯರು ಎಂದು ಕೇಳಿದ. ಯಾವ ಟಯರಾದರೂ ಆಗಲಿ, ಇದನ್ನು ಕಟ್ಟು ಎಂದು ಎರಡು ಸುತ್ತು ಹಗ್ಗ ಹೊಸೆದು ಕೊಟ್ಟಿದ್ದೇನೆ. ದೀಪಾವಳಿ ಕಳೆದ ಮೇಲೆ ಹೊರಡುತ್ತಾನೆ. ಮಾವನನ್ನೇ ಕಾಪಾಡಿದ ಹಗ್ಗ, ನಿನ್ನನ್ನೂ ಕಾಪಾಡುತ್ತದೆ ಎಂದು ಹೇಳಿದ್ದೇನೆ.

ಚನಿಯಪ್ಪ ಗೌಡ


ತಂತಿ
೨೯ ಅಕ್ಟೋಬರ್ ೧೯೬೩

ಬೋಜನಿಗೆ ಹಗ್ಗ ಬೇಡ. ಕೊಟ್ಟಿದ್ದರೆ ತೆಗೆದುಕೊಳ್ಳಿ. ಕಾಗದ ಬರುತ್ತದೆ. ಶೀನಪ್ಪ


ಬನಿಹಾಲ್
೨೯ ಅಕ್ಟೋಬರ್ ೧೯೬೩

ಚನಿಯಪ್ಪಣ್ಣ,

ತಂತಿ ಮುಟ್ಟಿತೋ? ಬೋಜ ಹೊರಟಿದ್ದರೆ ಸಿಮ್ಲಾಕ್ಕೂ ತಂತಿ ಕೊಡಿಸಿ. ಹೋಟೆಲಿನ ಹೆಸರು ನನಗೆ ಗೊತ್ತಿಲ್ಲ.

ಹಗ್ಗ ಮಂಜಿನಲ್ಲಿ ಹಿಡಿಯುವುದಿಲ್ಲ. ಕೆಸರಿನಲ್ಲಿ ಹಿಡಿಯುತ್ತದೆ. ಚಳಿಗೆ ಅದರೊಳಗಿನ ನೀರು ಗಟ್ಟಿಯಾಗಿ ಚಕ್ರ ಜಾರುಗಲ್ಲಾಗುತ್ತದೆ. ಕಟ್ಟಿದ ದಿನ ಹಿಡಿಯಿತು ಎಂದು ನಾನು ಬರೆದದ್ದು ನಿಜ. ಮರುದಿನದ್ದು ಬರೆಯಲಿಲ್ಲ. ಮರುದಿನ ಜೀಪು ಮಗುಚಿತು. ನನ್ನ ಎಡ ಪಾದ ಇಲ್ಲ, ನಾಲ್ಕು ವರ್ಷವಾಗುತ್ತಾ ಬಂತು. ಮರದ್ದು ಹಾಕಿದ್ದಾರೆ. ಕ್ಲಚ್ ಒತ್ತಲು ಆಗುವುದಿಲ್ಲ. ಅದಕ್ಕೆ ಉಗ್ರಾಣ. ದಣಿಗಳು ದೊಡ್ಡ ಮನಸ್ಸು ಮಾಡಿ ಇಟ್ಟುಕೊಂಡರು.

ಬೋಜ ಇಲ್ಲಿಗೆ ಬಂದರೆ ಕಾಣುತ್ತಾನೆ, ನಿಮಗೆ ಹೇಳುತ್ತಾನೆ ಎಂದು ಅವನನ್ನು ಬೇಡವೆಂದೆ. ನಾನು ಊರಿಗೆ ಬಂದರೆ ಬಸ್ಸಿನಿಂದ ಇಳಿಯುವಾಗಲೇ ನೀವು ನನ್ನ ಕಾಲು ಕಾಣುತ್ತೀರಿ. ಹೇಗಾಯಿತು ಎಂದು ಕೇಳುತ್ತೀರಿ. ನಿಮ್ಮ ಮುಖ ನೋಡಿ ಸುಳ್ಳು ಹೇಳಲು ನನಗೆ ಯಾವತ್ತೂ ಬಂದದ್ದಿಲ್ಲ. ಕಾಗದದಲ್ಲಿ ಬರುತ್ತದೆ ಎಂದು ಇಲ್ಲಿಯೇ ಉಳಿದೆ.

ಈಗಲೂ ಬರೆಯುತ್ತಿರಲಿಲ್ಲ. ಆದರೆ ಅವನಿಗೆ ಎರಡು ಕಾಲೂ ಉಂಟು.

ಶೀನಪ್ಪ


ಬನಿಹಾಲ್
೧೦ ಜನವರಿ ೧೯೬೪

ಚನಿಯಪ್ಪಣ್ಣ,

ನಿಮ್ಮಿಂದ ಒಂದು ಸಾಲೂ ಇಲ್ಲ. ಸೀತು ಅಕ್ಕ ಬರೆಸಿದ ಕಾಗದದಲ್ಲಿ ಬೋಜ ಕ್ಷೇಮವಾಗಿದ್ದಾನೆ, ಹಗ್ಗ ಒಯ್ಯಲಿಲ್ಲ ಎಂದಿದೆ. ಅಷ್ಟು ಸಾಕು ನನಗೆ ಎಂದುಕೊಂಡೆ. ಸಾಕಾಗುವುದಿಲ್ಲ.

ಇಲ್ಲಿ ವಿಪರೀತ ಬಿದ್ದಿದೆ. ರಸೂಲ್ ಕೆಲಸ ಬಿಟ್ಟು ಮನೆಗೆ ಹೋದ. ಟಯರು ಕೇಳಿಕೊಂಡು ಯಾರೂ ಬರುವುದಿಲ್ಲ, ರಸ್ತೆಯೇ ಇಲ್ಲ. ನಾಲ್ಕು ವರ್ಷ ನಾನು ಸುಳ್ಳು ಬರೆಯುತ್ತಿದ್ದಾಗ ನೀವು ಉತ್ತರ ಬರೆದಿರಿ. ನಿಜ ಬರೆದ ಮೇಲೆ ನಿಲ್ಲಿಸಿದಿರಿ. ನೀವು ಗಾಡಿ ಬಿಡುತ್ತಿದ್ದೀರೋ ಇಲ್ಲವೋ, ಅದೊಂದನ್ನು ಬರೆಯಿರಿ.

ಶೀನಪ್ಪ


ಜಮ್ಮು
೧೮ ಫೆಬ್ರವರಿ ೧೯೬೪

ಶೀನ,

ತಂತಿ ಬಂದ ಕೂಡಲೇ ನಾನು ಆ ಇಂಗ್ಲಿಷ್ ಅಕ್ಷರವನ್ನು ಯಾರಿಂದಲೂ ಓದಿಸಲಿಲ್ಲ. ನಮ್ಮಲ್ಲಿ ತಂತಿ ಎಂದರೆ ಸಾವು. ಕಿಸೆಯಲ್ಲಿ ಇಟ್ಟುಕೊಂಡು ಪಯಸ್ವಿನಿಯ ಹತ್ತಿರ ಕಾರು ನಿಲ್ಲಿಸಿ ಕೂತಿದ್ದೆ. ನೀನು ಹೋದೆ ಎಂದೇ ತಿಳಿದು ಅಲ್ಲಿಯೇ ಅತ್ತು ಮುಗಿಸಿದೆ. ಆಮೇಲೆ ಪೋಸ್ಟ್ ಮಾಸ್ಟರ್ ಓದಿ ಹೇಳಿದಾಗ ಸಂತೋಷಕ್ಕೆ ಹಗ್ಗ ಎಂಬ ಮಾತೇ ಕಿವಿಗೆ ಬೀಳಲಿಲ್ಲ. "ಅವನು ಇದ್ದಾನೆ ಮಾರಾಯ್ರೆ, ಇದ್ದಾನೆ" ಎಂದು ಅವರ ಕೈ ಹಿಡಿದು ಕುಣಿಸಿದೆ. ಆಲಂಕಾರಿಗೆ ಹೋಗಿ ಬೋಜನ ಪೆಟ್ಟಿಗೆಯಿಂದ ಹಗ್ಗ ತೆಗೆದೆ. ಯಾಕೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಕಾಗದ ಆಮೇಲೆ ಬಂತು.

ನನಗೆ ಉತ್ತರ ಬರೆಯಲು ಆಗಲಿಲ್ಲ. ಮೊದಲು, ನಾನೇ ನಿನ್ನ ಕಾಲು ತೆಗೆದೆ ಎಂದು. ಅದು ಈಗಲೂ ಉಂಟು, ಸಾಯುವವರೆಗೂ ಇರುತ್ತದೆ, ನೀನು ಅಲ್ಲ ಎಂದರೆ ಹೋಗುವುದಿಲ್ಲ. ಪುತ್ತೂರಿನ ಸ್ಟ್ಯಾಂಡಿಗೆ ಹೋಗಿ ಒಬ್ಬೊಬ್ಬನ ಹತ್ತಿರವೂ ಆ ಹಗ್ಗ ಮಂಜಿನಲ್ಲಿ ಹಿಡಿಯಲಿಲ್ಲ, ಶೀನನ ಕಾಲು ಹೋಯಿತು ಎಂದು ಹೇಳಿದೆ. ತ್ಯಾಂಪಣ್ಣ ನಗಲಿಲ್ಲ. ಅವನು ನಕ್ಕಿದ್ದರೆ ಚೆನ್ನಾಗಿತ್ತು.

ಆಮೇಲೆ ಸಿಟ್ಟು ಬಂತು, ನಿನ್ನ ಮೇಲೆ. ನನ್ನನ್ನು ಉಳಿಸಿದೆ ಎಂದು ನೀನು ತಿಳಿದೆ. ಎಂತ ಉಳಿಸಿದ್ದು? ಕಾಲು ಮಾತ್ರ ಹೋಗುತ್ತಿತ್ತು. ನಾಲ್ಕು ವರ್ಷ ನೀನೇ ಹೋದೆ. ತಿಮ್ಮಕ್ಕ ಹೋಗುವಾಗ ಕುಂಟಿಕೊಂಡಾದರೂ ನೀನು ನನ್ನ ಮನೆಯ ಜಗಲಿಯಲ್ಲಿ ಇರಬೇಕಿತ್ತು. ನಾನು ಅಲ್ಲಿ ಒಬ್ಬನೇ, ನೀನು ಇಲ್ಲಿ ಒಬ್ಬನೇ. ಇಂಥ ದಯೆ ಶತ್ರುವಿಗೂ ಬೇಡ.

ಗಾಡಿ ಬಿಡುತ್ತೇನೋ ಎಂದು ಕೇಳಿದ್ದಿ. ಜನವರಿ ಕಾಗದ ಓದಿದ ದಿನದವರೆಗೆ ಬಿಡುತ್ತಿದ್ದೆ. ಮರುದಿನ ಬೀಗದ ಕೈಯನ್ನು ದಣಿಗಳಿಗೆ ಕೊಟ್ಟು ಮಂಗಳೂರಿನಲ್ಲಿ ರೈಲು ಹತ್ತಿದೆ. ಮಡಿಕೇರಿ ಬಿಟ್ಟು ಆಚೆ ಹೋದವನಲ್ಲ ನಾನು. ಪಠಾಣ್‌ಕೋಟಿನಿಂದ ಬಸ್ಸು. ಈಗ ಜಮ್ಮುವಿನಲ್ಲಿದ್ದೇನೆ. ಮೇಲೆ ರಸ್ತೆ ಮುಚ್ಚಿದೆ. ಲಾರಿಗಳು ಸಾಲಾಗಿ ನಿಂತಿವೆ. ಡ್ರೈವರುಗಳು ಬೆಂಕಿ ಹಾಕಿಕೊಂಡು ಟಯರಿನ ವಿಷಯಕ್ಕೆ ಜಗಳಾಡುತ್ತಾರೆ. ಮಾತು ತಿಳಿಯದಿದ್ದರೂ ಜಗಳ ಪೂರ್ತಿ ತಿಳಿಯುತ್ತದೆ. ನನ್ನನ್ನೂ ಕೂರಿಸಿಕೊಂಡು ಚಹಾ ಕೊಟ್ಟರು. ನೀನು ಯಾರು, ಯಾವ ಟಯರು ನಿನ್ನದು ಎಂದು ಕೈಸನ್ನೆಯಲ್ಲಿ ಕೇಳಿದರು. ನಾನು ಬೆಂಕಿಗೆ ಒಂದು ಕಟ್ಟಿಗೆ ಹಾಕಿದೆ.

ಕಂಪೆನಿಯ ಟಪಾಲು ಹೊತ್ತು ನಡೆದೇ ಹೋಗುವವನೊಬ್ಬ ನಾಳೆ ಹೊರಡುತ್ತಾನಂತೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ರಸ್ತೆ ತೆರೆದ ದಿನ ನಾನು ಬರುತ್ತೇನೆ. ನಿನ್ನನ್ನು ಎಳೆದುಕೊಂಡು ಹೋಗಲು ಅಲ್ಲ. ನೀನು ಇಷ್ಟು ವರ್ಷ ಇದ್ದ ಜಾಗದಲ್ಲಿ ನಾನೂ ಸ್ವಲ್ಪ ದಿನ ಇರಬೇಕು. ಆಮೇಲೆ ಬರುವುದೂ ಬಿಡುವುದೂ ನಿನ್ನ ಇಷ್ಟ.

ಬಾಗಿಲು ಬಡಿದಾಗ ಬೇರೆ ಯಾರನ್ನೂ ಕಳಿಸಬೇಡ. ನೀನೇ ಬಾ. ಹೇಗೆ ನಡೆಯುತ್ತೀಯೋ ಹಾಗೆಯೇ ನಡೆದು ಬಾ, ನನಗಾಗಿ ನೆಟ್ಟಗೆ ನಡೆಯಬೇಡ. ನಾನು ನೋಡಬೇಕು.

ಚನಿಯಪ್ಪ